ಓಗೊಡದ ಬೇಸಿಗೆ

ದರ್ಜಿ ಸಾಕಮ್ಮನ ಗಂಡ ಸತ್ತು ಆರು ವರ್ಷವಾಗಿದ್ದರೂ ಪ್ರತಿದಿನ ಬೆಳಿಗ್ಗೆ ಉಪ್ಪು ಕಮ್ಮಿ ಎನ್ನುತ್ತಿದ್ದ. ಸಾಕಮ್ಮ ಕಾಡಂಚಿನ ಕಟ್ಟೆಯ ಮೇಲೆ ನಿಂತು, ಸೊಂಟದ ಮೇಲೆ ಕೈಯಿಟ್ಟು, "ಹಾಕ್ಕೊಳ್ಳಿ, ಪಕ್ಕದಲ್ಲೇ ಇದೆ" ಎಂದು ಮರದ ಕಡೆಗೆ ಕೂಗುತ್ತಿದ್ದಳು. ಎಲೆಯಲ್ಲಿ ತಂದಿದ್ದ ಬಾಳೆಹಣ್ಣಿನ ಚೂರುಗಳನ್ನು ಕಲ್ಲಿನ ಮೇಲಿಟ್ಟು ಅಂಗಡಿ ತೆರೆಯಲು ಹೋಗುತ್ತಿದ್ದಳು. ಅವಳು ತಿರುವಿನಲ್ಲಿ ಮರೆಯಾದ ಮೇಲೆ ಮಾರುಲಿ ಹಕ್ಕಿ ಇಳಿದು ಬಂದು ಹಣ್ಣು ತಿನ್ನುತ್ತಿತ್ತು. ತಿಂದು, ಕೊಕ್ಕು ಒರೆಸಿಕೊಂಡು, ಇನ್ನೊಮ್ಮೆ ಉಪ್ಪು ಕಮ್ಮಿ ಎನ್ನುತ್ತಿತ್ತು.

ನಾನೂ ಕೆಂಪರಾಜುವೂ ವಿಶ್ವವಿದ್ಯಾಲಯದಿಂದ ಆ ಊರಿಗೆ ಹೋದದ್ದು ಮರದ ಪೊಟರೆಗಳಲ್ಲಿ ಗೂಡು ಮಾಡುವ ಹಕ್ಕಿಗಳ ಅಧ್ಯಯನಕ್ಕೆ. ನಮ್ಮ ಮದುವೆಯಾಗಿ ಒಂದು ವರ್ಷವಾಗಿತ್ತು. ಬಸ್ಸು ಅಲ್ಲಿಂದ ಮುಂದಕ್ಕೆ ಹೋಗುತ್ತಿರಲಿಲ್ಲ, ಮುಂದೆ ಕಾಡು. ಮೊದಲ ದಿನ ನಸುಕಿನಲ್ಲಿ ಕಾಡಿನೊಳಗಿಂದ ಸಂತೆಯಂಥ ಸದ್ದು ಕೇಳಿ ಹೊರಗೆ ಬಂದೆವು. ಯಾರೋ ಹಾಲು ಉಕ್ಕುತ್ತಿದೆ ಎನ್ನುತ್ತಿದ್ದರು. ಯಾರೋ ಕೊಡೆ ತಗೊಂಡು ಹೋಗು ಎನ್ನುತ್ತಿದ್ದರು. ಮರಗಳ ಕೆಳಗೆ ಯಾರೂ ಇರಲಿಲ್ಲ. ಪಕ್ಕದ ಮನೆಯವರು ಹಲ್ಲುಜ್ಜುತ್ತಾ, ಅದು ನಮ್ಮ ಮಾವ, ಆ ಕಡೆಯದು ಮೇಷ್ಟ್ರು, ಈಗ ಸೀನಿದ್ದು ಪೋಸ್ಟ್‌ಮ್ಯಾನು ಎಂದು ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಟ್ಟರು.

ಸತ್ತವರ ಒಂದು ಮಾತನ್ನು, ಒಂದನ್ನೇ, ಒಂದು ಗಂಡು ಮಾರುಲಿ ಹಿಡಿಯುತ್ತಿತ್ತು. ಯಾವ ಮಾತೆಂದು ಮೊದಲೇ ಹೇಳಲು ಬರುತ್ತಿರಲಿಲ್ಲ. ವಯಸ್ಸಾದವರು ಜಾಗ್ರತೆಯಿಂದ ಮಾತಾಡುತ್ತಿದ್ದರು. ಬೀಡಾ ಅಂಗಡಿಯ ಮುದುಕ ಬೈಯುವುದನ್ನು ಪೂರಾ ಬಿಟ್ಟು, ಕಂಡಕಂಡವರನ್ನೆಲ್ಲ ಊಟ ಆಯಿತೇ ಎಂದು ಕೇಳುವ ಅಭ್ಯಾಸ ಮಾಡಿಕೊಂಡಿದ್ದ. ಅವನು ಹೋದ ಮೇಲೆ ಹಕ್ಕಿ ಹಿಡಿದದ್ದು ಬರೀ ಅವನ ಕೆಮ್ಮು. ಮಕ್ಕಳು ಅದಕ್ಕೂ ಕಟ್ಟೆಗೆ ಹೋಗಿ, ಬಿಸಿನೀರು ಕುಡಿಯಪ್ಪ ಎಂದು ಹೇಳಿ ಬರುತ್ತಿದ್ದರು. ಹೀಗೆ ಹೋಗಿ ಮರುಮಾತು ಹೇಳುವುದಕ್ಕೆ ಅಲ್ಲಿ ಓಗೊಡುವುದು ಎನ್ನುತ್ತಾರೆ. ಸ್ನಾನ ಮಾಡಿದ ಮೇಲೆ, ತಿಂಡಿಗೆ ಮುಂಚೆ. ಊರು ಬಿಟ್ಟು ಹೋಗಬೇಕಾಗಿ ಬಂದವರು ಪಕ್ಕದ ಮನೆಯವರಿಗೆ ಬೀಗದ ಕೈಯ ಜೊತೆಗೆ ಈ ಕೆಲಸವನ್ನೂ ಒಪ್ಪಿಸಿ ಹೋಗುತ್ತಿದ್ದರು.

ಮಾರುಲಿ ಮೈನಾದಷ್ಟು ದೊಡ್ಡ ಹಕ್ಕಿ. ಕಂದುಹಸಿರು ಬೆನ್ನು, ಕಾವಿಬಣ್ಣದ ಹೊಟ್ಟೆ. ಹೆಣ್ಣು ಕೂಗುವುದಿಲ್ಲ. ಗಂಡಿನ ಸ್ವಂತ ಕೂಗು ಹೇಗಿರುತ್ತದೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಎಲ್ಲ ಗಂಡುಗಳೂ ಯಾರದೋ ಮಾತಾಡುತ್ತಿದ್ದವು. ನಾವು ಬಲೆ ಹಾಕಿ ಹಿಡಿದು, ಕಾಲಿಗೆ ಬಣ್ಣದ ಬಳೆ ತೊಡಿಸಿ ಬಿಟ್ಟು, ಹಿಂದೆ ಹಿಂದೆ ನಡೆದೆವು. ಎರಡು ವರ್ಷ ಒಂದು ಮರಿಯನ್ನೂ ಕಾಣಲಿಲ್ಲ. ಹಕ್ಕಿಗಳಿಗೆ ವಯಸ್ಸಾಗುತ್ತಿತ್ತು. ಒಣಮರ ಬೆಂಕಿಗೆ ದಾರಿ ಎಂದು ಅರಣ್ಯ ಇಲಾಖೆಯವರು ಪ್ರತಿವರ್ಷ ಕಡಿಸುತ್ತಿದ್ದರು, ಪೊಟರೆಗಳಿರುವುದೇ ಒಣಮರಗಳಲ್ಲಿ. ರೇಂಜರ್ ಮುದ್ದುರಂಗಯ್ಯನವರು ಸಾಧು ಮನುಷ್ಯ. ನಾವು ಹೇಳಿದ ಮೇಲೆ ಕಡಿಯುವುದನ್ನು ನಿಲ್ಲಿಸಿ, ಒಣಮರಗಳ ಸುತ್ತ ತರಗು ಗುಡಿಸಿ ಬೆಂಕಿರೇಖೆ ಮಾಡಿಸಿದರು. ಪೊಟರೆಗಳು ಉಳಿದವು. ಹಕ್ಕಿಗಳು ಮಾತ್ರ ಅವುಗಳ ಒಳಗೆ ಹೋಗಲಿಲ್ಲ.

ಮೂರನೆಯ ವರ್ಷ, ಬೇರೆ ಮಾರುಲಿಗಳ ದನಿ ಕೇಳಿಸದಷ್ಟು ದೂರದಲ್ಲಿ, ಒಂದು ಗೂಡು ಸಿಕ್ಕಿತು. ನೀಲಿ ಬಳೆಯ ಗಂಡು. ಕೊಡೆ ತಗೊಂಡು ಹೋಗು ಎನ್ನುತ್ತಿದ್ದದ್ದು ಅದೇ. ಆ ಮಾತಿನ ಮನೆಯವರೆಲ್ಲ ಹಿಂದಿನ ವರ್ಷ ಬೇರೆ ಊರಿಗೆ ಹೋಗಿದ್ದರು, ಯಾರಿಗೂ ಒಪ್ಪಿಸದೆ. ಓಗೊಡುವವರಿಲ್ಲದೆ ಅದರ ಮಾತು ಸವೆದು ಹೋಗಿತ್ತು. ನಾವು ನೋಡುವ ಹೊತ್ತಿಗೆ ಹಕ್ಕಿ ಮೌನವಾಗಿ ಪೊಟರೆಗೆ ಹುಳು ಒಯ್ಯುತ್ತಿತ್ತು, ಒಳಗೆ ಮರಿಗಳಿದ್ದವು. ಕೆಂಪರಾಜು ದುರ್ಬೀನು ಇಳಿಸಿ ನನ್ನ ಕಡೆ ನೋಡಿದ. ಇಬ್ಬರಿಗೂ ಅರ್ಥವಾಗಿತ್ತು. ಮನುಷ್ಯರ ಮಾತಾಡುವ ಗಂಡಿನ ಬಳಿಗೆ ಹೆಣ್ಣು ಬರುವುದಿಲ್ಲ. ನಾವು ಓಗೊಡುತ್ತಿರುವಷ್ಟು ಕಾಲ ಗಂಡು ಆ ಮಾತು ಬಿಡುವುದಿಲ್ಲ. ಇದನ್ನು ಊರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿರುವಾಗಲೇ ಅವನಿಗೆ ಜ್ವರ ಬಂತು. ವಾರದೊಳಗೆ ಜಿಲ್ಲಾಸ್ಪತ್ರೆಯಲ್ಲಿ ಹೋಗಿಬಿಟ್ಟ.

ತಿಥಿಯಾದ ಮರುದಿನ ಪಕ್ಕದ ಮನೆಯವರು ಬಂದು ಕರೆದರು. ಹೋದೆ. ಕಟ್ಟೆಯ ಹತ್ತಿರದ ತಾರೆ ಮರದಲ್ಲಿ ಹಳದಿ ಬಳೆಯ ಮಾರುಲಿ ಕೂತಿತ್ತು. ಆ ಬಳೆ ತೊಡಿಸಿದವನು ಅವನೇ. ಅದು ಅವನ ದನಿಯಲ್ಲಿ, "ಹಗ್ಗ ಬಿಗಿ ಇದ್ಯಾ?" ಎಂದಿತು.

ಪೊಟರೆ ನೋಡಲು ಅವನು ಮರ ಹತ್ತುತ್ತಿದ್ದ. ಹಗ್ಗದ ಇನ್ನೊಂದು ತುದಿಯನ್ನು ಪಕ್ಕದ ಮರಕ್ಕೆ ಒಂದು ಸುತ್ತು ಹಾಕಿ ನಾನು ಹಿಡಿಯುತ್ತಿದ್ದೆ. ಮೇಲಿನಿಂದ ಆಗಾಗ ಕೇಳುತ್ತಿದ್ದ. ಇದೆ ಎನ್ನುತ್ತಿದ್ದೆ. ನಮ್ಮ ನಡುವೆ ಅದಕ್ಕಿಂತ ಒಳ್ಳೆಯ ಮಾತುಗಳು ಆಗಿದ್ದವು. ಹಕ್ಕಿ ಹಿಡಿದದ್ದು ಇದನ್ನು.

"ಇದೆ" ಎಂದೆ. ಹಕ್ಕಿ ತಲೆ ಓರೆ ಮಾಡಿ ಕೇಳಿಸಿಕೊಂಡಿತು. ಮರುದಿನವೂ ಹೋದೆ. ಚಳಿಗಾಲ ಮುಗಿಯುವವರೆಗೂ ಹೋದೆ. ಅಷ್ಟು ಹೊತ್ತಿಗೆ ನಾನು ದಿನದಲ್ಲಿ ಬಾಯಿಬಿಟ್ಟು ಆಡುತ್ತಿದ್ದದ್ದು ಅದೊಂದು ಮಾತು.

ಶಿವರಾತ್ರಿಗೆ ಸ್ವಲ್ಪ ಮುಂಚೆ ರೇಂಜರು ಮನೆಗೆ ಬಂದರು. ನೀಲಿ ಬಳೆಯ ಹಕ್ಕಿ ಹಿಂದಿನ ಮಳೆಗಾಲದಲ್ಲಿ ಸತ್ತಿತ್ತು. ಈ ಸಲ ಮರಿಯಾಗದಿದ್ದರೆ ಇನ್ನು ಆಗುವುದಿಲ್ಲವೇನೋ ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ನಾನು ಲೆಕ್ಕ ನೋಡಿದ್ದೆ. ಆಗುವುದಿಲ್ಲ ಎಂದೆ.

ಊರಿನವರನ್ನು ರೇಂಜ್ ಆಫೀಸಿನ ಜಗಲಿಗೆ ಕರೆಸಿದರು. ನಾನು ಎದ್ದು ನಿಂತು ಹೇಳಿದೆ. ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ಕಟ್ಟೆಗೆ ಯಾರೂ ಹೋಗಬಾರದು, ಎಲ್ಲಿಯೂ ಯಾವ ಹಕ್ಕಿಗೂ ಓಗೊಡಬಾರದು. ಒಬ್ಬರು ಓಗೊಟ್ಟರೂ ಆ ಹಕ್ಕಿಯ ಮಾತು ಕೇಳಿ ಸುತ್ತಲಿನವೆಲ್ಲ ಮತ್ತೆ ಮಾತು ಹಿಡಿಯುತ್ತವೆ, ಆ ವರ್ಷ ಅಲ್ಲಿಗೆ ಮುಗಿಯಿತು. ಓಗೊಡದಿದ್ದರೆ ಮಾತು ಹೋಗುತ್ತದೆ. ಪೂರಾ ಹೋದದ್ದು ಮತ್ತೆ ಬರುವುದಿಲ್ಲ. ಇದನ್ನೂ ಹೇಳಿದೆ. ಬಚ್ಚಿಡಲಿಲ್ಲ.

ಸಾಕಮ್ಮ, ತನ್ನ ಗಂಡನಿಗೆ ಹೇಗೂ ಡಾಕ್ಟರು ಉಪ್ಪು ಬಿಡಲು ಹೇಳಿದ್ದರು ಎಂದಾಗ ನಾಲ್ಕು ಜನ ನಕ್ಕರು. ಆಮೇಲೆ ಅವಳೇ ಸೆರಗಿನಿಂದ ಮೂಗು ಒರೆಸಿಕೊಂಡಳು. ಹಕ್ಕಿ ಇದ್ದರೆ ತಾನೇ ಮುಂದೆ ನಮ್ಮ ಮಾತು ಹಿಡಿಯುವುದು ಎಂದು ಯಾರೋ ಹಿಂದಿನಿಂದ ಹೇಳಿದರು. ಹಾಗಾದರೆ ಈಗಿನವರನ್ನು ಬಿಟ್ಟುಕೊಡಬೇಕೇ ಎಂದು ಇನ್ನೊಬ್ಬರು ಕೇಳಿದರು. ಕೊನೆಗೆ ಚಿಕ್ಕತಾಯಮ್ಮ ಎದ್ದಳು. ಬಸ್ ನಿಲ್ದಾಣದ ಹಿಂದೆ ಇಡ್ಲಿ ಮಾಡುತ್ತಿದ್ದ ಹೆಂಗಸು. ಒಬ್ಬಳೇ ಮಗಳು ರತ್ನಿ ಹೆರಿಗೆಯಲ್ಲಿ ಹೋಗಿದ್ದಳು, ಮಗುವೂ ಉಳಿದಿರಲಿಲ್ಲ.

"ನೀನು ಓದಿದೋಳು, ನಿನ್ ಲೆಕ್ಕ ಸರಿಯಾಗೇ ಇರ್ತದೆ" ಎಂದಳು. "ಆದ್ರೆ ಮೊದ್ಲು ನಿನ್ ಗಂಡನ್ ಬಾಯಿ ಮುಚ್ಸು. ಆಮೇಕೆ ಬಾ, ನನ್ ಮಗಳ್ ಬಾಯಿ ಮುಚ್ಸೀವಂತೆ."

"ಆಯ್ತಮ್ಮ" ಎಂದೆ.

ಅವಳು ಇನ್ನೇನೋ ಹೇಳಲು ಸಿದ್ಧಳಾಗಿದ್ದಳು. ನನ್ನ ಮುಖ ನೋಡಿ ಕೂತುಬಿಟ್ಟಳು. ಶಿವರಾತ್ರಿಯ ಮರುದಿನ ಕಟ್ಟೆಗೆ ಅಡ್ಡಲಾಗಿ ಬಿದಿರು ಕಟ್ಟಿದರು.

ಮೊದಲ ಕೆಲವು ದಿನ ಹಕ್ಕಿಗಳು ಕಾಡಿನಲ್ಲೇ ಕೂಗಿದವು. ಎಂದಿಗಿಂತ ಜೋರಾಗಿ, ಒಂದರ ಮೇಲೊಂದು. ಆಮೇಲೆ ಕಾಡು ಸುಮ್ಮನಾಯಿತು. ಇಷ್ಟು ಸುಲಭವೇ ಎಂದು ರೇಂಜರು ಸಂತೋಷಪಟ್ಟರು. ಅದೇ ಬೆಳಿಗ್ಗೆ ಹಾಲು ತರಲು ಹೊರಟ ನಾನು ಬೀದಿಯ ಕರೆಂಟು ತಂತಿಯ ಮೇಲೆ ಸಾಲಾಗಿ ಕೂತಿದ್ದ ಮಾರುಲಿಗಳನ್ನು ನೋಡಿದೆ. ಅವು ಮನೆಗಳನ್ನು ನೋಡುತ್ತಿದ್ದವು. ಯಾರು ಹೇಳಿದ್ದರೋ, ಪ್ರತಿಯೊಂದೂ ತನ್ನ ತನ್ನ ಮನೆಯ ಎದುರಿಗೇ ಕೂತಿತ್ತು.

ಆ ಬೇಸಿಗೆ ಊರು ಬಾಯಿ ಮುಚ್ಚಿಕೊಂಡು ಬದುಕಿತು. ಜನ ಕಿವಿಗೆ ಹತ್ತಿ ಇಟ್ಟುಕೊಂಡರು. ಮಧ್ಯಾಹ್ನ ಹೆಂಚಿನ ಮೇಲೆ ಮಾತು ಶುರುವಾದರೆ ಹೆಂಗಸರು ಬರೀ ಜಾರು ಹಾಕಿ ಮಿಕ್ಸಿ ತಿರುಗಿಸುತ್ತಿದ್ದರು. ಸಾಕಮ್ಮ ದಾರ ಪೋಣಿಸದೆ ಮಷೀನು ತುಳಿಯುತ್ತಿದ್ದಳು. ಬೀದಿಯಲ್ಲಿ ಎದುರಾದವರು ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಇವರಿಗೆ ಹೇಳಿದ ಹೂಂ ಎಂಬ ಮಾತನ್ನು ಮೇಲಿದ್ದವರು ತಮಗೆ ಎಂದುಕೊಂಡುಬಿಟ್ಟರೆ ಎಂಬ ಭಯ. ಹೊಸ ಕಂಡಕ್ಟರೊಬ್ಬ, ಇನ್ಯಾರಾದರೂ ಹತ್ತುವವರಿದ್ದೀರಾ ಎಂದು ಕೂಗಿದಾಗ ಬೇವಿನ ಮರದಿಂದ ಒಬ್ಬ ಮುದುಕನ ದನಿ, ಸ್ವಲ್ಪ ತಡಿಯಪ್ಪ ಎಂದಿತಂತೆ. ಬಸ್ಸು ಬಹಳ ಹೊತ್ತು ಕಾಯಿತು. ಅದರಲ್ಲಿದ್ದ ಊರಿನವರು ತಲೆ ತಗ್ಗಿಸಿ ಕೂತಿದ್ದರೇ ಹೊರತು ಯಾರೂ ವಿಷಯ ಹೇಳಲಿಲ್ಲ.

ಹಳದಿ ಬಳೆಯ ಹಕ್ಕಿ ನನ್ನ ಅಡುಗೆಮನೆಯ ಕಿಟಕಿಗೆ ಬಂತು. ಕಿಟಕಿಯ ಸರಳು ಹಿಡಿದು ಕೂತು ಕೇಳಿತು. ನಾನು ಅಕ್ಕಿ ತೊಳೆಯುತ್ತಿದ್ದೆ. ತೊಳೆದೆ. ಮತ್ತೆ ಕೇಳಿತು. ಅವನೂ ಹಾಗೆಯೇ. ಉತ್ತರ ಬರುವುದು ತಡವಾದರೆ ಮೇಲಿನಿಂದ ಇನ್ನೊಂದು ಸಲ ಅದೇ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳುತ್ತಿದ್ದ, ನನಗೆ ಕಿವಿ ಕೇಳಿಸುವುದಿಲ್ಲ ಎಂಬಂತೆ. ಹಕ್ಕಿ ಆ ನಿಧಾನವನ್ನೂ ಹಿಡಿದಿತ್ತು. ಅಕ್ಕಿ ಬೇಯಲು ಇಟ್ಟೆ. ತಳ ಹಿಡಿದ ವಾಸನೆ ಬಂದ ಮೇಲೆ ನೋಡಿದರೆ ನಾನು ಒಲೆಯ ಮುಂದೆ ನಿಂತೇ ಇದ್ದೆ.

ಒಂದು ಮಧ್ಯಾಹ್ನ, ಬಿಸಿಲು ಏರಿದ್ದಾಗ, ಚಿಕ್ಕತಾಯಮ್ಮ ಬಂದಳು. ಬಾಗಿಲು ತಟ್ಟಲಿಲ್ಲ, ಉಗುರಿನಿಂದ ಕೆರೆದಳು. ಒಳಗೆ ಬಂದು ಗೋಡೆಗೆ ಒರಗಿ ಕೂತು, "ಮನೇಲಿ ಒಬ್ಳೇ ಇರಕ್ಕಾಗಲ್ಲ ಮಗ" ಎಂದು ಪಿಸುಗುಟ್ಟಿದಳು. ನೀರು ಕೊಟ್ಟೆ. ಲೋಟ ಬಾಯಿಗೆ ಇಡುವಷ್ಟರಲ್ಲಿ ಬಾಗಿಲ ಆಚೆ, ತೀರಾ ಹತ್ತಿರದಲ್ಲಿ, ಹುಡುಗಿಯೊಬ್ಬಳು ದಣಿದ ದನಿಯಲ್ಲಿ, "ಅವ್ವೋ, ಬಾಗ್ಲು ತೆಗಿ" ಎಂದಳು.

ರತ್ನಿ ಸಂಜೆ ಕೆಲಸ ಮುಗಿಸಿ ಬಂದಾಗ ಹೇಳುತ್ತಿದ್ದ ಮಾತು. ತಾಯಿ ಹೋದಲ್ಲಿಗೆ ಹಕ್ಕಿಯೂ ಹಿಂದೆ ಬಂದಿತ್ತು. ಚಿಕ್ಕತಾಯಮ್ಮನ ಕೈಯಲ್ಲಿ ಲೋಟ ಹಾಗೇ ನಿಂತಿತು. ಆಮೇಲೆ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಹಕ್ಕಿ ಕಾಯಿತು. ಮತ್ತೆ ಕರೆಯಿತು. ಅವಳು ಏಳಲು ಹೋದಳು. ನಾನು ಭುಜ ಹಿಡಿದು ಕೂರಿಸಿದೆ. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ, ಹಗ್ಗ ಬಿಗಿ ಇದ್ಯಾ ಎಂದು ಕೇಳಿಸಿತು. ಈಗ ನನ್ನ ಕೈಯನ್ನು ಅವಳು ಹಿಡಿದಳು.

ಆಮೇಲೆ ಆದದ್ದನ್ನು ಹೇಗೆ ಹೇಳಬೇಕೋ ತಿಳಿಯುವುದಿಲ್ಲ. ನಾವಿಬ್ಬರೂ ಸುಮ್ಮನಿದ್ದುದರಿಂದ ಅವು ಒಂದಕ್ಕೊಂದು ಮಾತಾಡತೊಡಗಿದವು. ಅವ್ವೋ, ಬಾಗ್ಲು ತೆಗಿ. ಹಗ್ಗ ಬಿಗಿ ಇದ್ಯಾ? ಬಾಗ್ಲು ತೆಗಿ. ಬಿಗಿ ಇದ್ಯಾ? ಮನೆಯ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಬದುಕಿದ್ದಾಗ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಅವಳು ತೆಗೆ ಎನ್ನುತ್ತಿದ್ದಳು, ಅವನು ಬಿಗಿಯೇ ಎಂದು ಕೇಳುತ್ತಿದ್ದ, ಇಬ್ಬರಿಗೂ ಬೇಕಾದದ್ದು ಒಳಗೆ ಕೂತಿತ್ತು. ಬಿಸಿಲು ಗೋಡೆಯಿಂದ ಇಳಿದು ಹೋಗುವವರೆಗೂ ಕೂತಿದ್ದೆವು. ಅವು ಹಾರಿ ಹೋದ ಮೇಲೆ ಚಿಕ್ಕತಾಯಮ್ಮ ಸೆರಗು ಬಾಯಿಂದ ತೆಗೆದಳು. ಬಟ್ಟೆಯ ಮೇಲೆ ರಕ್ತವಿತ್ತು, ತುಟಿ ಕಚ್ಚಿಕೊಂಡಿದ್ದಳು. ಅಂದಿನಿಂದ ದಿನಾ ಮಧ್ಯಾಹ್ನ ಬರತೊಡಗಿದಳು. ಬರುವಾಗ ಎರಡು ಇಡ್ಲಿ ತರುತ್ತಿದ್ದಳು, ನಾನು ತಿನ್ನುವವರೆಗೂ ಎದುರಿಗೆ ಕೂತಿರುತ್ತಿದ್ದಳು.

ಮಾತು ಸವೆಯುವುದನ್ನು ನಾನು ದಿನದಿನವೂ ಕೇಳಿದೆ. ಕೆಲಸವೇ ಅದು. ಮೊದಲು ಹಗ್ಗ ಹೋಯಿತು. ಬಿಗಿ ಇದ್ಯಾ ಉಳಿಯಿತು. ಆಮೇಲೆ ಇದ್ಯಾ ಮಾತ್ರ. ಮಾತು ಕಡಿಮೆಯಾದಂತೆ ಅದು ಇನ್ನಷ್ಟು ಅವನ ಹಾಗೆ ಕೇಳಿಸುತ್ತಿತ್ತು. ಇದ್ಯಾ, ಇದ್ಯಾ, ಎಂದು ಕಿಟಕಿಯಲ್ಲಿ. ಒಂದು ದಿನ ಅದೂ ಮಸುಕಾಗಿ, ಕೊನೆಯಲ್ಲಿ ಮೇಲಕ್ಕೇಳುವ ಒಂದು ಉಸಿರಷ್ಟೇ ಉಳಿಯಿತು. ರತ್ನಿಯ ಹಕ್ಕಿಯಲ್ಲಿ ಉಳಿದದ್ದು ಮೊದಲ ಪದ.

"ಬರೀ ಅವ್ವೋ ಅಂತದೆ" ಎಂದಳು ಚಿಕ್ಕತಾಯಮ್ಮ. "ಅದು ಎಲ್ಲಾ ಮಕ್ಳೂ ಅನ್ನೋದೆ. ನನ್ ಮಗಳ್ದು ಅಂತ ಹೆಂಗ್ ಹೇಳನ."

ನಾನು ಅವಳು ತಂದಿದ್ದ ಇಡ್ಲಿಯಲ್ಲಿ ಒಂದನ್ನು ಅವಳ ಕೈಗಿಟ್ಟೆ.

ಆಮೇಲೆ ಒಂದೊಂದಾಗಿ ಹಕ್ಕಿಗಳು ಕಾಡಿಗೆ ಮರಳಿದವು. ತಂತಿಗಳು ಖಾಲಿಯಾದವು. ಜನ ಹತ್ತಿ ತೆಗೆದು, ಮೊದಮೊದಲು ಅಂಜುತ್ತಾ ಮಾತಾಡಿದರು. ನಸುಕಿನಲ್ಲಿ ಕಾಡಿನಿಂದ ಏನೂ ಕೇಳಿಸುತ್ತಿರಲಿಲ್ಲ. ಊರಿನವರು ನಿದ್ದೆ ಬಾರದೆ ಬೇಗ ಎದ್ದು ಅಂಗಳದಲ್ಲಿ ನಿಂತಿರುತ್ತಿದ್ದರು. ನಾನು ಹೋಗುವಾಗ ಬರುವಾಗ ನನ್ನನ್ನು ನೋಡುತ್ತಿದ್ದರು. ಕೋಪವಲ್ಲ. ಇನ್ನೊಮ್ಮೆ ಮಣ್ಣು ಮಾಡಿ ಬಂದವರು ನೋಡುವ ಹಾಗೆ. ಇಷ್ಟೆಲ್ಲ ಮಾಡಿ ಗೂಡು ಆಗದಿದ್ದರೆ ಅವರ ಮುಖ ನೋಡಲು ತಮಗೆ ಸಾಧ್ಯವಿಲ್ಲ ಎಂದು ಮುದ್ದುರಂಗಯ್ಯನವರು ಹೇಳಿದರು. ನಾನು ಆ ಬಗ್ಗೆ ಯೋಚಿಸದೆ ಪೊಟರೆಯಿಂದ ಪೊಟರೆಗೆ ನಡೆದೆ.

ಬೆಂಕಿರೇಖೆಯ ಆಚೆ, ಒಣಗಿ ನಿಂತ ಒಂದು ದೊಡ್ಡ ಮತ್ತಿ ಮರದಲ್ಲಿ, ಹಳದಿ ಬಳೆಯ ಹಕ್ಕಿ ಪೊಟರೆಯ ಒಳಗೆ ತೊಗಟೆಯ ಚೂರು ಒಯ್ಯುವುದನ್ನು ಕಂಡೆ. ಮಾರನೆಯ ವಾರ ಅದರ ಜೊತೆಗೆ ಇನ್ನೊಂದಿತ್ತು. ಹೆಣ್ಣು. ನಾನು ದೂರದಲ್ಲೇ ಕೂತು ಕಾದೆ. ಹುಳು ಒಯ್ಯುತ್ತಿವೆಯೋ ಇಲ್ಲವೋ ಎಲೆಯ ಮರೆಯಲ್ಲಿ ಗೊತ್ತಾಗಲಿಲ್ಲ. ಒಂದೇ ಒಂದು ಸಲ ಹತ್ತಿ ನೋಡಬೇಕಾಗಿತ್ತು. ಒಣಮರಕ್ಕೆ ಹಗ್ಗ ಹಾಕುವಂತಿಲ್ಲ, ಮುರಿಯುತ್ತದೆ. ಪಕ್ಕದ ಹಸಿ ತಾರೆ ಮರ ಹತ್ತಿ ಅಲ್ಲಿಂದ ಇಣುಕಬೇಕು. ಕೆಳಗೆ ಹಗ್ಗ ಹಿಡಿಯಲು ಒಬ್ಬರು ಬೇಕು. ಆ ಹಕ್ಕಿ ಇರುವ ಮರದ ಹತ್ತಿರ ಆ ಕೆಲಸ ಮಾಡಲು ಅರಣ್ಯ ಕಾವಲಿನವರು ಯಾರೂ ಒಪ್ಪಲಿಲ್ಲ. ನೆಲ ನೋಡುತ್ತಾ ನಿಂತರು.

ಚಿಕ್ಕತಾಯಮ್ಮ, ನಾನು ಬರ್ತೀನಿ ಎಂದಳು. ಅವಳಿಗೆ ಆಗುತ್ತದೆಯೇ ಎಂದು ರೇಂಜರು ಅನುಮಾನಪಟ್ಟರು. ಆಳ ಬಾವಿಯಿಂದ ನೀರು ಸೇದಿ ಸೇದಿ ಬೆಳೆದವಳು ತಾನು ಎಂದಳು. ನನ್ನ ಕಡೆ ತಿರುಗಿ, "ಇವ್ಳೇನ್ ಭಾರ, ತುಂಬಿದ ಕೊಡದಷ್ಟೂ ಇಲ್ಲ" ಎಂದಳು.

ಹೊರಡುವ ಮುಂಚೆ ಮನೆಯಲ್ಲೇ ಎಲ್ಲ ಹೇಳಿಕೊಟ್ಟೆ. ಮರದ ಬಳಿ ಒಂದು ಮಾತೂ ಆಡಬಾರದು. ಮೇಲಿಂದ ನಾನು ಒಂದು ಸಲ ಜಗ್ಗಿದರೆ ಸಡಿಲ ಬಿಡಬೇಕು. ಅವಳು ಎರಡು ಸಲ ಜಗ್ಗಿದರೆ, ಹಿಡಿದಿದ್ದೇನೆ, ಬಿಗಿಯಾಗಿದೆ ಎಂದು ಅರ್ಥ. ನನ್ನ ಸೊಂಟದ ಪಟ್ಟಿಗೆ ಗಂಟು ಹಾಕಲು ತಾನೇ ಮುಂದಾದಳು. ನಾನು ತೋರಿಸಿಕೊಟ್ಟ ಗಂಟಿನ ಮೇಲೆ ತನ್ನದೂ ಒಂದು ಹಾಕಿ, ಹಲ್ಲಿನಿಂದ ಕಚ್ಚಿ ಎಳೆದಳು.

ನಾನು ಹತ್ತಿದೆ. ಹಿಂದೆ ಯಾವಾಗಲೂ ಕೆಳಗೆ ಇರುತ್ತಿದ್ದವಳು. ಮೇಲಿನಿಂದ ನೆಲ ಅಷ್ಟು ದೂರ ಕಾಣುತ್ತದೆ ಎಂದು ಗೊತ್ತಿರಲಿಲ್ಲ. ಅವನು ಯಾಕೆ ಅಷ್ಟು ಸಲ ಕೇಳುತ್ತಿದ್ದ ಎಂದು ಅಲ್ಲಿ ತಿಳಿಯಿತು. ಕೊಂಬೆಯ ಕವಲಿನಲ್ಲಿ ಕಾಲು ಊರಿ, ಮತ್ತಿಯ ಕಡೆ ಬಾಗಿ, ಕೋಲಿನ ತುದಿಯ ಕನ್ನಡಿಯನ್ನು ಪೊಟರೆಯ ಬಾಯಿಗೆ ಹಿಡಿದೆ. ಕತ್ತಲು. ಆಮೇಲೆ ಕತ್ತಲಿನಲ್ಲಿ ಮೂರು ಹಳದಿ ಬಾಯಿಗಳು ತೆರೆದುಕೊಂಡವು. ಕಣ್ಣು ಇನ್ನೂ ಬಿಟ್ಟಿರಲಿಲ್ಲ.

ಕನ್ನಡಿ ಇಳಿಸುವಾಗ ಹಕ್ಕಿ ಬಂತು. ನನ್ನ ತಲೆಯ ಮೇಲಿನ ಕೊಂಬೆಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿತು. ಹುಳುವನ್ನು ಕೊಕ್ಕಿನಿಂದ ಕೊಂಬೆಗೆ ಒತ್ತಿ ಇಟ್ಟಿತು. ನನ್ನನ್ನು ನೋಡಿತು. ವಾರಗಟ್ಟಲೆ ಕೇಳಿಸದಿದ್ದ ದನಿಯಲ್ಲಿ, ಒಂದು ಅಕ್ಷರವೂ ಸವೆಯದೆ, "ಹಗ್ಗ ಬಿಗಿ ಇದ್ಯಾ?" ಎಂದಿತು.

ಉತ್ತರ ನನ್ನ ಬಾಯಿಯಲ್ಲೇ ಇತ್ತು. ಎಷ್ಟೋ ತಿಂಗಳು ನಾನಾಡಿದ ಒಂದೇ ಮಾತು ಅದು, ನಾಲಿಗೆ ಆಗಲೇ ಹಲ್ಲಿನ ಹಿಂದೆ ಹೋಗಿ ನಿಂತಿತ್ತು. ಇದೆ ಎಂದರೆ ಹಕ್ಕಿ ಮತ್ತೆ ಮಾತು ಹಿಡಿಯುತ್ತದೆ. ಸುತ್ತಲಿನವು ಕೇಳುತ್ತವೆ. ಮತ್ತಿಯ ಒಳಗೆ ಕಣ್ಣು ಬಿಡದ ಮೂರೂ ತಮ್ಮಪ್ಪನಿಂದ ಮೊದಲು ಕಲಿಯುವುದು ಇದನ್ನೇ. ಅನ್ನದಿದ್ದರೆ ಅವನು ಇನ್ನು ಕೇಳುವುದಿಲ್ಲ. ಹಕ್ಕಿ ತಲೆ ಓರೆ ಮಾಡಿತು. ಮತ್ತೊಮ್ಮೆ, ನಿಧಾನವಾಗಿ, ನನಗೆ ಕಿವಿ ಕೇಳಿಸುವುದಿಲ್ಲ ಎಂಬಂತೆ ಕೇಳಿತು.

ಸೊಂಟದಲ್ಲಿ ಹಗ್ಗ ಜಗ್ಗಿತು. ಒಂದು. ಎರಡು.

ಕೆಳಗೆ ನೋಡಿದೆ. ಚಿಕ್ಕತಾಯಮ್ಮ ಮುಖ ಮೇಲೆತ್ತಿ ನಿಂತಿದ್ದಳು. ಕಾಲು ನೆಲಕ್ಕೆ ಊರಿ, ಹಗ್ಗವನ್ನು ಬೆನ್ನ ಹಿಂದಿನಿಂದ ತಂದು ಎರಡೂ ಕೈಯಲ್ಲಿ ಹಿಡಿದಿದ್ದಳು. ಬಾಯಲ್ಲಿ ಸೆರಗಿತ್ತು.

ನಾನು ಹಲ್ಲು ಕಚ್ಚಿದೆ. ಹಕ್ಕಿ ಬಹಳ ಹೊತ್ತು ಕಾಯಿತು, ಅಥವಾ ನನಗೆ ಹಾಗೆನಿಸಿತು. ಆಮೇಲೆ ಮುಖ ತಿರುಗಿಸಿ, ಎದೆ ಉಬ್ಬಿಸಿ, ಕಾಡಿನ ಕಡೆಗೆ ಕೂಗಿತು. ಅಂಥದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅದು ಯಾರ ದನಿಯೂ ಆಗಿರಲಿಲ್ಲ. ಅದರಲ್ಲಿ ಏನನ್ನೂ ಕೇಳುವುದಿರಲಿಲ್ಲ, ಯಾರನ್ನೂ ಕರೆಯುವುದಿರಲಿಲ್ಲ. ದೂರದಲ್ಲಿ, ರತ್ನಿಯ ಹಕ್ಕಿ ಹೋಗಿ ಸೇರಿದ್ದ ದಿಕ್ಕಿನಿಂದ, ಯಾರದೂ ಅಲ್ಲದ ಇನ್ನೊಂದು ದನಿ ಅದಕ್ಕೆ ಓಗೊಟ್ಟಿತು. ಹಳದಿ ಬಳೆಯ ಹಕ್ಕಿ ಹುಳು ಎತ್ತಿಕೊಂಡು ಪೊಟರೆಯ ಒಳಗೆ ಹೋಯಿತು.

ಒಂದು ಸಲ ಜಗ್ಗಿದೆ. ಅವಳು ನಿಧಾನವಾಗಿ ಇಳಿಸಿದಳು. ನೆಲ ಮುಟ್ಟಿದ ಮೇಲೆ ಮೂರು ಬೆರಳು ತೋರಿಸಿದೆ. ಅವಳು ತಲೆಯಾಡಿಸಿದಳು. ಅವಳ ಅಂಗೈಗಳಲ್ಲಿ ಹಗ್ಗದ ಗುರುತು ಕೆಂಪಗೆ ಬಿದ್ದಿತ್ತು. ಬೆಂಕಿರೇಖೆ ದಾಟುವವರೆಗೂ ಮಾತಿಲ್ಲದೆ, ಹಗ್ಗವನ್ನೂ ಬಿಚ್ಚದೆ, ಹಾಗೇ ನಡೆದೆವು. ಒಂದು ತುದಿ ನನ್ನ ಸೊಂಟದಲ್ಲಿ, ಇನ್ನೊಂದು ಅವಳ ಕೈಯಲ್ಲಿ.

ಕಟ್ಟೆಗೆ ಕಟ್ಟಿದ್ದ ಬಿದಿರಿನ ಈಚೆ ಕಲ್ಲಿನ ಮೇಲೆ ಕೂತು ಗಂಟು ಬಿಚ್ಚತೊಡಗಿದೆವು. ನನ್ನ ಉಗುರಿಗೆ ಸಿಗಲಿಲ್ಲ. ಅವಳೂ ಪ್ರಯತ್ನಿಸಿದಳು, ಆಮೇಲೆ ಬಗ್ಗಿ ಹಲ್ಲು ಹಚ್ಚಿದಳು. ಬಿಸಿಲು ಏರಿ, ದೂರದಲ್ಲಿ ಮಧ್ಯಾಹ್ನದ ಬಸ್ಸು ಬಂದು ಹೋದ ಸದ್ದು ಕೇಳಿದರೂ ಅದು ಬಿಚ್ಚಿಕೊಳ್ಳಲಿಲ್ಲ. ಅಷ್ಟು ಬಿಗಿಯಾಗಿತ್ತು.